ಮುಗಿಯಬಾರದ ಪಾಠ

ಹಂಗಳದಲ್ಲಿ ಬಸ್ಸು ನಿಲ್ಲುವ ಕಡೆ, ಊಟಿ ರಸ್ತೆಯ ಪಕ್ಕದಲ್ಲೇ ರಂಗನಾಯಕನ ಟೀ ಹೋಟೆಲು ಇತ್ತು. ಹೋಟೆಲು ಅಂದರೆ ಏನೇನೋ ಅಂದುಕೊಳ್ಳಬೇಡಿ. ನಾಲ್ಕು ಕಂಬ, ಮೇಲೆ ಹುಲ್ಲಿನ ಚಾವಣಿ, ಎರಡು ಬೆಂಚು, ಒಂದು ತಾಮ್ರದ ಬಾಯ್ಲರು. ಗುಂಡ್ಲುಪೇಟೆಯಿಂದ ಬೆಳಗಿನ ಮೊದಲ ಬಸ್ಸು ಬರುವುದಕ್ಕೆ ಮುಂಚೆಯೇ ಅವನು ಬಂದು, ಬಾಯ್ಲರಿಗೆ ಇದ್ದಿಲು ತುಂಬಿ, ಊದಿ ಬೆಂಕಿ ಮಾಡಿ, ಬೆಂಚಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಸ್ಲೇಟು ತೆಗೆಯುತ್ತಿದ್ದ. ನೀರು ಕುದಿಯುವ ತನಕ ಯಾರು ಕರೆದರೂ ಓ ಅನ್ನುತ್ತಿರಲಿಲ್ಲ. ಬಳಪ ಹಿಡಿದು ಬರೆಯುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಬರೆಯುತ್ತಿದ್ದದ್ದು ಜಪಾನಿ ಅಕ್ಷರ.

ನಮ್ಮೂರಿನವರಿಗೆ ಇದು ಮೊದಮೊದಲು ಒಳ್ಳೆ ತಮಾಷೆಯಾಗಿತ್ತು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಹೂವು ಅಂದರು. ತಮ್ಮ ಹೆಸರಿನ ಒತ್ತಕ್ಷರ ಬರೆಯಲಾರದವರೆಲ್ಲ ಅವನ ಸ್ಲೇಟಿಗೆ ಬಗ್ಗಿ ನೋಡಿ, ಕೋಳಿ ಕೆದಕಿದ ಹಾಗಿದೆ ಅಂತ ತೀರ್ಪು ಕೊಟ್ಟರು. ಜಪಾನ್ ರಂಗ ಅಂತ ಹೆಸರಿಟ್ಟರು. ಆದರೆ ಯಾಕೆ ಕಲಿಯುತ್ತಿದ್ದಾನೆ ಅನ್ನುವುದು ತಿಳಿದ ಮೇಲೆ ನಗುವುದನ್ನು ಬಿಟ್ಟರು. ಯುದ್ಧದಲ್ಲಿ ಕಾಣೆಯಾದ ಗೆಳೆಯ ಸಿದ್ದನಾಯಕನನ್ನು ಹುಡುಕಿಸಲು, ಜಪಾನ್ ಸರ್ಕಾರಕ್ಕೆ ಅವರದೇ ಭಾಷೆಯಲ್ಲಿ ಕಾಗದ ಬರೆಯಲು ಕಲಿಯುತ್ತಿದ್ದಾನೆ ಅಂದಮೇಲೆ ನಗುವುದು ಹೇಗೆ? ಗೆಳೆಯನಿಗೋಸ್ಕರ ಒಂದು ಭಾಷೆಯನ್ನೇ ಹೊತ್ತವನು ಅಂತ ಮುದುಕರು ಅವನನ್ನು ಹೊಗಳಿ, ಟೀ ಕುಡಿದು, ಸಕ್ಕರೆ ಸಾಲದು ಅಂತ ಹೇಳಿ ಹೋಗುತ್ತಿದ್ದರು. ಹೊಗಳಿದಾಗೆಲ್ಲ ಅವನು ತಲೆ ತಗ್ಗಿಸಿ ಗ್ಲಾಸು ಉಜ್ಜುತ್ತಿದ್ದ. ವಿನಯ ಅಂದುಕೊಂಡೆವು. ವಿನಯವೂ ಅಲ್ಲ, ಮಣ್ಣೂ ಅಲ್ಲ.

ಅವನ ಓದಿಗೆ ಒಂದು ಕ್ರಮ ಇತ್ತು. ಬೆಳಿಗ್ಗೆ ನೀರು ಕಾಯುವಷ್ಟು ಹೊತ್ತು ಹಳೆಯ ಪಾಠ. ಹಿಂದಿನ ದಿನದ್ದನ್ನು ನೋಡದೆ ಬರೆಯಬೇಕು, ಒಂದು ಗೀಟು ತಪ್ಪಿದರೂ ಪೂರ್ತಿ ಅಳಿಸಿ ಮೊದಲಿಂದ ಶುರು. ಮಧ್ಯಾಹ್ನ ಊಟಿ ಬಸ್ಸು ಹೋದ ಮೇಲೆ ಹೊಸ ಅಕ್ಷರ. ಅದನ್ನು ಮೊದಲು ಇದ್ದಿಲಿನಿಂದ ಹಲಗೆಯ ಮೇಲೆ ದೊಡ್ಡದಾಗಿ ಬರೆದು, ಯಾವ ಗೀಟು ಮೊದಲು ಯಾವುದು ಆಮೇಲೆ ಅಂತ ಬೆರಳಿನಿಂದ ತಿದ್ದಿ ತಿದ್ದಿ, ಕೈಗೆ ಬಂದ ಮೇಲೆಯೇ ಸ್ಲೇಟಿಗೆ. ಸಂಜೆ ಗ್ಲಾಸು ತೊಳೆಯುವಾಗ ಬಾಯಿಪಾಠ. ಒಂದು ಗ್ಲಾಸಿಗೆ ಒಂದು ಪ್ರಶ್ನೆ, ಇನ್ನೊಂದು ಗ್ಲಾಸಿಗೆ ಅದರ ಉತ್ತರ. ಕಾಡಿನ ಕಡೆಯಿಂದ ಸೌದೆ ಹೊತ್ತು ಬರುವ ಹೆಂಗಸರು ಮೊದಲ ಸಲ ಕೇಳಿದಾಗ, ಇವನಿಗೆ ಗಾಳಿ ಮೆಟ್ಟಿಕೊಂಡಿದೆ ಅಂತ ಹೆದರಿ ಆಚೆ ಬದಿಯಿಂದ ದಾಟಿಹೋದರಂತೆ.

ಜಪಾನಿ ಕಷ್ಟವೇನಲ್ಲ, ನಮ್ಮ ಕಾಗುಣಿತದ ಅಣ್ಣನೋ ತಮ್ಮನೋ ಇರಬೇಕು ಅಂತ ಒಮ್ಮೆ ನನಗೆ ಹೇಳಿದ್ದ. ಅ ಇ ಉ ಎ ಒ, ಆಮೇಲೆ ಕ ಕಿ ಕು ಕೆ ಕೊ. ಹೀಗೇ ಹೋಗುತ್ತದೆ. ಅವರಿಗೆ ಲಕಾರ ಇಲ್ಲ, ಳಕಾರವಂತೂ ಇಲ್ಲವೇ ಇಲ್ಲ, ಹಂಗಳ ಅನ್ನಬೇಕಾದರೆ ಹಂಗರ ಅಂತಾರೆ ಅಂತ ನಕ್ಕಿದ್ದ. ಕಷ್ಟ ಇರುವುದು ಮುಂದೆ. ಚೀನಾದವರಿಂದ ತಂದುಕೊಂಡ ದೊಡ್ಡ ಅಕ್ಷರಗಳಿವೆ, ಒಂದೊಂದು ಮಾತಿಗೆ ಒಂದೊಂದು ಅಕ್ಷರ, ಸಾವಿರಾರು. ಅದು ಈ ಜನ್ಮಕ್ಕೆ ಮುಗಿಯುವುದಿಲ್ಲ ಅಂದ. ಹಾಗನ್ನುವಾಗ ಅವನ ಮುಖದಲ್ಲಿ ಒಂಥರಾ ನೆಮ್ಮದಿ ಕಂಡಿತು. ಓದುವವನಿಗೆ ಪಾಠ ಮುಗಿಯುವುದಿಲ್ಲ ಅಂದರೆ ಸಂಕಟವಾಗಬೇಕು, ಇವನಿಗೇಕೆ ನೆಮ್ಮದಿ ಅಂತ ನಾನು ಆಗ ಯೋಚಿಸಲಿಲ್ಲ.

ಪುಸ್ತಕ ಅಂತ ಅವನಲ್ಲಿ ಇದ್ದದ್ದು ಒಂದೇ, ಸಿಂಗಾಪುರದಿಂದ ತಂದ ಮಕ್ಕಳ ಮೊದಲ ಪಾಠದ ಪುಸ್ತಕ. ಅದು ಮುಗಿದ ಮೇಲೆ ಅವನ ಶಾಲೆ ಚಾಮರಾಜನಗರದ ಅಪ್ಸರ್ ಪಾಷಾ ಸಾಹೇಬರ ಪಿಂಗಾಣಿ ಅಂಗಡಿ. ಹೋಟೆಲಿಗೆ ಗ್ಲಾಸು ತರಲು ಹೋದವನಿಗೆ, ಮದರಾಸಿನಿಂದ ಬಂದ ಜಪಾನಿನ ಟೀ ಕಪ್ಪು, ಬಸಿಗಳನ್ನು ಸುತ್ತಿದ್ದ ಹಳೆಯ ಪತ್ರಿಕೆ ಕಣ್ಣಿಗೆ ಬಿತ್ತು. ಅದರಲ್ಲಿ ದೊಡ್ಡ ಅಕ್ಷರದ ಮಗ್ಗುಲಿಗೆ ಸಣ್ಣ ಅಕ್ಷರದಲ್ಲಿ ಓದುವುದು ಹೇಗೆ ಅಂತಲೂ ಅಚ್ಚಾಗಿತ್ತು. ಅವತ್ತು ಅವನು ಗ್ಲಾಸು ಬಿಟ್ಟು ಕಾಗದ ಹಿಡಿದುಕೊಂಡು ಬಂದ. ಅಲ್ಲಿಂದ ಮುಂದೆ ಪಾಷಾ ಸಾಹೇಬರು ಪೆಟ್ಟಿಗೆ ಬಿಚ್ಚಿದಾಗೆಲ್ಲ ಕಾಗದಗಳನ್ನು ಸುಕ್ಕು ಬಿಡಿಸಿ ಇವನಿಗೆಂದೇ ಎತ್ತಿಡುತ್ತಿದ್ದರು. ಸಿದ್ದನಾಯಕನ ವಿಷಯ ಅವರಿಗೂ ಗೊತ್ತಿತ್ತು. ನಮಾಜಿನಲ್ಲಿ ನಿಮ್ಮ ದೋಸ್ತನಿಗೂ ದುವಾ ಕೇಳುತ್ತೇನೆ ಅನ್ನುತ್ತಿದ್ದರು. ಇವನು ಕಾಗದ ಮಡಚಿಕೊಂಡು ಅವರ ಮುಖ ನೋಡದೆ ಹೊರಟುಬಿಡುತ್ತಿದ್ದ.

ಇನ್ನು ಸಿದ್ದನಾಯಕನ ಹೆಂಡತಿ ಚಾಮುಂಡಿ. ಮದುವೆಯಾಗಿ ವರ್ಷ ತುಂಬುವುದರೊಳಗೆ ಗಂಡ ಪಲ್ಟನ್ನಿಗೆ ಹೋದ. ಮಕ್ಕಳಿಲ್ಲ. ಎರಡು ಎಮ್ಮೆ ಕಟ್ಟಿಕೊಂಡು, ಅತ್ತೆಯನ್ನು ಸಾಕಿಕೊಂಡು ಇದ್ದಳು. ರಂಗನಾಯಕನ ಹೋಟೆಲಿಗೆ ಹಾಲು ಕೊಡುತ್ತಿದ್ದವಳು ಅವಳೇ. ಬೆಳಿಗ್ಗೆ ಹಾಲಿನ ಚೊಂಬು ಇಳಿಸಿ, ಹಣೆಯ ಮೇಲೆ ಕಾಸಗಲ ಕುಂಕುಮ ಇಟ್ಟುಕೊಂಡ ಮುಖವನ್ನು ಸ್ಲೇಟಿನ ಕಡೆ ತಿರುಗಿಸಿ, ದಿನವೂ ಒಂದೇ ಮಾತು ಕೇಳುತ್ತಿದ್ದಳು.

"ಎಷ್ಟು ಬಂತು ರಂಗಣ್ಣ?"

"ಬತ್ತಾ ಅದ ಕಣವ್ವ," ಅನ್ನುತ್ತಿದ್ದ ಅವನು.

ನಿಜ ಏನೆಂದರೆ ಸಿದ್ದನಾಯಕ ಸತ್ತು ಎಷ್ಟೋ ಕಾಲವಾಗಿತ್ತು, ಮತ್ತು ಅದು ರಂಗನಾಯಕನಿಗೆ ಗೊತ್ತಿತ್ತು. ಊರಿಗೆ ಕಾಲಿಡುವುದಕ್ಕೆ ಮೊದಲೇ ಗೊತ್ತಿತ್ತು. ಈ ಸುಳ್ಳಿಗೋಸ್ಕರ ನನಗೆ ಅವನ ಮೇಲೆ ಸಿಟ್ಟಿದೆ, ಇವತ್ತಿಗೂ ಇದೆ. ಆದರೂ ಹೇಳುವಾಗ ಪೂರ್ತಿ ಹೇಳಬೇಕು.

ಯುದ್ಧದ ಕಾಲಕ್ಕೆ ಇಬ್ಬರೂ ಒಟ್ಟಿಗೆ ಮೈಸೂರು ಪಲ್ಟನ್ನಿಗೆ ಸೇರಿದರು. ಒಟ್ಟಿಗೇ ಹಡಗು ಹತ್ತಿ ಸಿಂಗಾಪುರಕ್ಕೆ ಹೋದರು, ಸಿಂಗಾಪುರ ಬಿದ್ದಾಗ ಒಟ್ಟಿಗೇ ಜಪಾನಿಯರ ಕೈಗೆ ಸೆರೆ ಸಿಕ್ಕರು. ಸೆರೆಯಲ್ಲಿ ರಂಗನಾಯಕನನ್ನು ಅಡುಗೆಮನೆಗೆ ಹಾಕಿದರು. ಅಲ್ಲಿನ ಮೇಲ್ವಿಚಾರಕ ವಯಸ್ಸಾದ ಒಬ್ಬ ಜಪಾನಿ ಸಿಪಾಯಿ. ಕೆಲಸವಿಲ್ಲದ ಹೊತ್ತಿನಲ್ಲಿ ಅಕ್ಕಿ ಹಿಟ್ಟು ಹರವಿ ಬೆರಳಲ್ಲಿ ಅಕ್ಷರ ತಿದ್ದಿಸಿದವನು ಅವನೇ, ಮಕ್ಕಳ ಪುಸ್ತಕ ಕೊಟ್ಟವನೂ ಅವನೇ. ರಂಗನಾಯಕ ಬೇಗ ಕಲಿತ. ನೀರು ತಾ, ಬೆಂಕಿ ಆರಿಸು, ಕಾಯಿಲೆ, ಹಸಿವು, ಬೇಕು, ಬೇಡ, ಇಷ್ಟು ಬಂದುಬಿಟ್ಟಿತು.

ಸಿದ್ದನಾಯಕ ಹೊರಗೆ ಮೂಟೆ ಹೊರುವ ಕೆಲಸಕ್ಕೆ ಹೋಗುತ್ತಿದ್ದ. ಅನ್ನದ ಗಂಜಿ ಕುಡಿದು ಕುಡಿದು ಅವನ ಕಾಲು ಊದಿಕೊಂಡವು. ಒಂದು ಬೆಳಿಗ್ಗೆ ಎಲ್ಲರನ್ನೂ ಬಯಲಿನಲ್ಲಿ ಸಾಲಾಗಿ ನಿಲ್ಲಿಸಿ, ದೂರದ ದ್ವೀಪಕ್ಕೆ ಕೂಲಿಗೆ ಕಳಿಸಲು ಆರಿಸತೊಡಗಿದರು. ಹೋದವರು ತಿರುಗಿ ಬರುವುದಿಲ್ಲ ಅನ್ನುವುದು ಆಗಲೇ ಎಲ್ಲರಿಗೂ ಗೊತ್ತಿತ್ತು. ಸಿದ್ದನಾಯಕನನ್ನು ಆರಿಸಿದರು. ಆಗ ಅಧಿಕಾರಿ, ಅಡುಗೆಮನೆಗೆ ಇನ್ನೊಬ್ಬ ಬೇಕೇ ಅಂತ ಮುದಿ ಸಿಪಾಯಿಯನ್ನು ಕೇಳಿದ. ಮುದಿ ಸಿಪಾಯಿ ತಿರುಗಿ ರಂಗನಾಯಕನನ್ನು ಕೇಳಿದ. ಕೇಳಿದ್ದು ಅರ್ಥವಾಯಿತು. ಉತ್ತರಕ್ಕೆ ಬೇಕಾದ ಮಾತುಗಳೂ ಬಾಯಲ್ಲಿದ್ದವು. ಸಿದ್ದನಾಯಕ ಸಾಲಿನಿಂದ ಅವನನ್ನೇ ನೋಡುತ್ತಿದ್ದ.

ರಂಗನಾಯಕ ಸುಮ್ಮನೆ ನಿಂತ. ಯಾಕೆಂದರೆ ಸಿದ್ದನಾಯಕ ಅವನಿಗಿಂತ ಒಳ್ಳೆ ಅಡುಗೆಯವನು. ಊರಲ್ಲಿ ಮದುವೆ ಆದರೆ ಸಾರಿಗೆ ಉಪ್ಪು ಹಾಕಲು ಅವನನ್ನೇ ಕರೆಯುತ್ತಿದ್ದರು. ಅವನು ಒಂದು ಸಲ ಅಡುಗೆಮನೆಗೆ ಬಂದರೆ ಇಬ್ಬರು ಯಾಕೆ ಅನ್ನುತ್ತಾರೆ, ಆಗ ಹಡಗು ಹತ್ತುವವನು ತಾನು. ಇಷ್ಟನ್ನು ಯೋಚಿಸುವಷ್ಟರಲ್ಲಿ ಮುದಿ ಸಿಪಾಯಿ ಬೇಡ ಅಂತ ಅಧಿಕಾರಿಗೆ ತಲೆಯಾಡಿಸಿಬಿಟ್ಟ. ಯುದ್ಧ ಮುಗಿದ ಮೇಲೆ ಆ ದ್ವೀಪದಿಂದ ಬದುಕಿ ಬಂದ ಒಬ್ಬ ಹವಾಲ್ದಾರ ರಂಗನಾಯಕನಿಗೆ ಸಿಕ್ಕಿದ. ನಿಮ್ಮೂರವನನ್ನು ನಾನೇ ನನ್ನ ಕೈಯಾರೆ ಮಣ್ಣು ಮಾಡಿದೆ ಅಂದ.

ರಂಗನಾಯಕ ಊರಿಗೆ ಬಂದದ್ದು ಹೇಳಿಬಿಡಬೇಕು ಅಂತಲೇ. ಬಸ್ಸಿಳಿದು ತನ್ನ ಮನೆಗೂ ಹೋಗದೆ ಸೀದಾ ಸಿದ್ದನಾಯಕನ ಮನೆಗೆ ಹೋದ. ಅವನನ್ನು ಕಂಡದ್ದೇ ಚಾಮುಂಡಿ ಕಾಲಿಗೆ ನೀರು ಕೊಟ್ಟಳು, ಚಾಪೆ ಹಾಸಿದಳು, ಬೆಲ್ಲ ತಂದಿಟ್ಟಳು. ಮುದುಕಿ ಅತ್ತೆ ತಡವರಿಸಿಕೊಂಡು ಬಂದು ಅವನ ಮುಖ ಮುಟ್ಟಿ ನೋಡಿ, ನೀನು ಬಂದೆಯಲ್ಲ, ಅವನು ಹಿಂದಿನ ಬಸ್ಸಿಗೆ ಬರುತ್ತಾನಾ ಅಂತ ಕೇಳಿದಳು. ಬೆಲ್ಲ ಬಾಯಲ್ಲಿತ್ತು. ಅವನನ್ನು ಜಪಾನಿಗೆ ಕರೆದುಕೊಂಡು ಹೋದರು, ಅಲ್ಲೇ ಇದ್ದಾನೆ ಅಂದುಬಿಟ್ಟ. ಸರ್ಕಾರದವರ ಕಾಗದದಲ್ಲೂ ಪತ್ತೆಯಿಲ್ಲ ಅಂತ ಇತ್ತೇ ಹೊರತು ಸತ್ತ ಅಂತ ಇರಲಿಲ್ಲ. ಹಾಗಾದರೆ ಯಾರನ್ನು ಕೇಳುವುದು ಅಂದಳು ಚಾಮುಂಡಿ. ಅವರ ಭಾಷೆಯಲ್ಲೇ ಕೇಳಬೇಕಾಗುತ್ತದೆ ಅಂದ. ನಿನಗೆ ಬರುತ್ತದಾ ಅಂದಳು. ಅಷ್ಟೋ ಇಷ್ಟೋ ಅಂದ.

"ಅಂಗಾರ ಪೂರ್ತಿ ಕಲ್ತ್ಕೊ ಅಣ್ಣ," ಅಂದಳು.

ಓದು ಶುರುವಾದದ್ದು ಹೀಗೆ. ನಾಳೆ ಹೇಳೋಣ, ಈ ಹಬ್ಬ ಕಳೆಯಲಿ, ಮುದುಕಿ ಕಣ್ಣು ಮುಚ್ಚಲಿ ಅಂತ ದಿನ ತಳ್ಳಿದ. ಮುದುಕಿ ಕಣ್ಣು ಮುಚ್ಚಿದಳು. ಸಾಯುವಾಗ ಇವನ ಕೈ ಹಿಡಿದು, ನನ್ನ ಮಗ ಬಂದರೆ ಅವನ ಪಾಲಿನ ತುಪ್ಪ ಗಡಿಗೆಯಲ್ಲಿದೆ ಅಂತ ಹೇಳು ಅಂದಳಂತೆ. ಅದಾದ ಮೇಲೆ ಹೇಳುವುದು ಇನ್ನೂ ಕಷ್ಟವಾಯಿತು. ಹೇಳಲಾರದ್ದಕ್ಕೆ ಓದನ್ನೇ ಜಾಸ್ತಿ ಮಾಡಿದ. ಎಷ್ಟು ಕಲಿತರೆ ಅಷ್ಟು ಪಾಪ ಸವೆಯುತ್ತದೆ ಅನ್ನುವಂತೆ ಕಲಿತ. ನಾಲ್ಕೈದು ವರ್ಷಕ್ಕೆ ಅವನಿಗೆ ಒಂದು ಕಾಗದ ಏನು, ಬೇಕಾದರೆ ಜಪಾನಿನ ರಾಜನಿಗೇ ಅರ್ಜಿ ಬರೆಯುವಷ್ಟು ಭಾಷೆ ಬಂದುಬಿಟ್ಟಿತ್ತು. ಬಂದದ್ದು ತೋರಿಸುವಂತಿರಲಿಲ್ಲ. ದೂರದಲ್ಲಿ ಚಾಮುಂಡಿ ಹಾಲು ಹೊತ್ತು ಬರುವುದು ಕಂಡರೆ, ಬರೆದಿದ್ದ ಕಷ್ಟದ ಸಾಲುಗಳನ್ನು ಅಂಗೈಯಲ್ಲಿ ಒರೆಸಿ, ಗಡಿಬಿಡಿಯಲ್ಲಿ ಅ ಇ ಉ ಎ ಒ ಬರೆದು ಕೂರುತ್ತಿದ್ದ. ಕಳ್ಳನ ಜೀವ ಹುಳ್ಳುಳ್ಳಗೆ ಅಂತಾರಲ್ಲ, ಹಾಗೆ.

ಓದು ಬಾರದವಳಾದರೇನು, ಕಣ್ಣಿಲ್ಲವೇ? ಒಂದು ದಿನ ಚಾಮುಂಡಿ ಸ್ಲೇಟು ನೋಡಿ, ಇದನ್ನ ಹೋದ ವರ್ಷವೂ ಬರೆದಿದ್ದೆಯಲ್ಲ ಅಣ್ಣ ಅಂದಳು. ಅಡಿಪಾಯ ಗಟ್ಟಿ ಮಾಡುತ್ತಿದ್ದೇನೆ ಅಂದ. ಅವಳು ಒಪ್ಪಿಕೊಂಡಳು. ಮನೆ ಕಟ್ಟುವವರನ್ನು ಅವಳು ನೋಡಿದ್ದಳು, ಅಡಿಪಾಯಕ್ಕೆ ಹೊತ್ತು ಹಿಡಿಯುತ್ತದೆ ಅನ್ನುವುದು ಗೊತ್ತಿತ್ತು. ಆ ದಿನ ರಂಗನಾಯಕ ಗಿರಾಕಿಗಳಿಗೆ ಸಕ್ಕರೆ ಇಲ್ಲದ ಟೀ ಕೊಟ್ಟು ಬೈಸಿಕೊಂಡ.

ಸಾವಿರದ ಒಂಬೈನೂರ ಐವತ್ತೆರಡರಲ್ಲಿ ಬದನಗುಪ್ಪೆಯ ಸೋಮನಾಯಕ ಅನ್ನುವವನು ಚಾಮುಂಡಿಯನ್ನು ಕೇಳಿಕೊಂಡು ಬಂದ. ಹೆಂಡತಿ ತೀರಿಕೊಂಡಿದ್ದಳು, ಸ್ವಲ್ಪ ಜಮೀನಿತ್ತು, ಒಳ್ಳೆ ಮಾತಿನ ಮನುಷ್ಯ. ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಂದು ಮನೆ ತುಂಬಿಸುವ ಕೂಡಾವಳಿ ನಮ್ಮಲ್ಲಿ ಹಿಂದಿನಿಂದಲೂ ಉಂಟು, ಅದರಲ್ಲಿ ಅವಮಾನವೇನಿಲ್ಲ. ಆದರೆ ಗಂಡ ಬದುಕಿರುವವಳಿಗೆ ಆಗುವುದಿಲ್ಲ. ಕುಲದ ಯಜಮಾನರು ಹೋಟೆಲಿಗೇ ಬಂದು, ನೀನು ಹೇಳು ರಂಗ, ಅವನು ಇದ್ದಾನೋ ಇಲ್ಲವೋ, ನಿನ್ನ ಮಾತಿನ ಮೇಲೆ ನಿಂತಿದೆ ಅಂದರು. ಚಾಮುಂಡಿ ಆಚೆ ಕಂಬದ ಹತ್ತಿರ ತಲೆ ತಗ್ಗಿಸಿಕೊಂಡು ನಿಂತಿದ್ದಳು. ಅವಳಿಗೆ ಸೋಮನಾಯಕ ಒಪ್ಪಿಗೆಯಾಗಿದ್ದ ಅಂತ ಊರಿಗೆಲ್ಲ ಗೊತ್ತಿತ್ತು. ರಂಗನಾಯಕ ಬಾಯ್ಲರಿನ ಇದ್ದಿಲು ಕೆದಕಿದ. ಈಗ ಸತ್ತ ಅಂದರೆ ಇಷ್ಟು ವರ್ಷ ಬದುಕಿದ್ದಾನೆ ಅಂದದ್ದು ಯಾಕೆ ಅಂತ ಕೇಳುತ್ತಾರೆ, ಅಲ್ಲಿಂದ ಒಂದೊಂದೇ ಎಳೆ ಬಿಚ್ಚಿ ಆ ಬಯಲಿನವರೆಗೆ ಹೋಗುತ್ತದೆ. ಇನ್ನೊಂದು ವರ್ಷ ಕಾಯಿರಿ, ಅಕ್ಷರ ಮುಗಿಯಲಿ, ಕಾಗದ ಹಾಕುತ್ತೇನೆ ಅಂದ.

ನೂರು ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತ ಗಾದೆ. ರಂಗನಾಯಕ ಒಂದೇ ಸುಳ್ಳು ಹೇಳಿ ಒಂದು ಮದುವೆ ನಿಲ್ಲಿಸಿದ. ಸೋಮನಾಯಕ ಎರಡು ಬೆಳೆ ಬರುವ ತನಕ ಕಾದು, ಕೊನೆಗೆ ಚಾಮರಾಜನಗರದ ಕಡೆಯಿಂದ ಬೇರೆ ಹೆಣ್ಣು ತಂದ. ಆ ಸುದ್ದಿ ಬಂದ ದಿನವೂ ಚಾಮುಂಡಿ ಹಾಲು ತಂದು ಇಳಿಸಿ, ಎಷ್ಟು ಬಂತು ರಂಗಣ್ಣ ಅಂತ ಕೇಳಿದಳು. ಬಸವಮ್ಮ, ಅಂದರೆ ರಂಗನಾಯಕನ ಹೆಂಡತಿ, ಅವತ್ತು ರಾಗಿ ಹಿಟ್ಟು ಕೈಯಲ್ಲೇ ಇಟ್ಟುಕೊಂಡು ಗಂಡನಿಗೆ ಬೈದಳಂತೆ. ಆ ಹೆಣ್ಣಿನ ಬದುಕು ತಿಂದು ಅಕ್ಷರ ಕಕ್ಕುತ್ತಿದ್ದೀಯ, ಇವತ್ತಾದರೂ ಹೋಗಿ ಹೇಳು ಅಂದಳು. ಅವನು ಎದ್ದು ಹೋಟೆಲಿಗೆ ಹೋಗಿ ಸ್ಲೇಟು ಹಿಡಿದ.

ಬಸವಮ್ಮನಿಗೆ ಸಿದ್ದನಾಯಕ ಸತ್ತದ್ದು ಗೊತ್ತಿತ್ತು. ಗೊತ್ತಾದದ್ದು ಹಿರಿಯರ ಹಬ್ಬದಿಂದ. ಮಹಾಲಯದ ಅಮಾವಾಸ್ಯೆಯ ದಿನ ನಮ್ಮಲ್ಲಿ ಮನೆಮನೆಯಲ್ಲೂ ಸತ್ತವರಿಗೆ ಎಡೆ ಇಡುತ್ತಾರೆ. ಒಬ್ಬೊಬ್ಬರ ಹೆಸರಿಗೆ ಒಂದೊಂದು ಎಲೆ; ಅದರ ಮೇಲೆ ಅವರು ಬದುಕಿದ್ದಾಗ ಇಷ್ಟಪಟ್ಟದ್ದೆಲ್ಲ, ಪಕ್ಕದಲ್ಲಿ ಹೊಸ ಬಟ್ಟೆ. ದೀಪ ಹಚ್ಚಿ, ಹೊಸ್ತಿಲಲ್ಲಿ ನಿಂತು ಹೆಸರು ಹಿಡಿದು ಕರೆದು, ಬಾಗಿಲು ಮುಂದಕ್ಕೆ ಎಳೆದು ಎಲ್ಲರೂ ಜಗಲಿಯ ಮೇಲೆ ಕಾಯುತ್ತಾರೆ. ಬಂದವರು ಉಂಡು ಹೋಗುವಷ್ಟು ಹೊತ್ತು ಬಿಟ್ಟು ಬಾಗಿಲು ತೆಗೆಯುತ್ತಾರೆ. ವರ್ಷಕ್ಕೆ ಆ ಒಂದು ಊಟ ತಪ್ಪಿದರೆ ಸತ್ತವರು ಉಪವಾಸ.

ರಂಗನಾಯಕ ಊರಿಗೆ ಬಂದ ಮೊದಲನೆಯ ವರ್ಷವೇ ತಂದೆಯದೊಂದು, ತಾಯಿಯದೊಂದು ಎಲೆಯ ಪಕ್ಕದಲ್ಲಿ ಇನ್ನೊಂದು ಎಲೆ ಹಾಕಿದ. ಹುರಿದ ಒಣಮೀನು, ಮುದ್ದೆ, ಉಪ್ಪೆಸರು, ಒಂದು ಕಟ್ಟು ಬೀಡಿ. ಯಾರಿಗೆ ಅಂತ ಬಸವಮ್ಮ ಕೇಳಿದ್ದಕ್ಕೆ ಉತ್ತರ ಕೊಡದೆ ಹೊಸ್ತಿಲಿಗೆ ಹೋಗಿ, ಅಪ್ಪನನ್ನೂ ಅವ್ವನನ್ನೂ ಗಟ್ಟಿಯಾಗಿ ಕರೆದು, ಮೂರನೆಯ ಹೆಸರನ್ನು ಪಿಸುಮಾತಿನಲ್ಲಿ ಹೇಳಿದ. ಪಕ್ಕದಲ್ಲಿದ್ದವಳಿಗೆ ಕೇಳಿಸಿತು. ಆವತ್ತಿನಿಂದ ವರ್ಷವರ್ಷವೂ ಹಾಗೇ ನಡೆಯಿತು. ಅತ್ತ ಚಾಮುಂಡಿ ತನ್ನ ಮನೆಯಲ್ಲಿ ಅತ್ತೆಗೆ ಎಡೆ ಇಡುತ್ತಿದ್ದಳು, ಗಂಡನಿಗೆ ಇಡುತ್ತಿರಲಿಲ್ಲ. ಬದುಕಿರುವವನಿಗೆ ಎಡೆ ಇಟ್ಟರೆ ಆಯಸ್ಸು ಕಡಿಮೆಯಾಗುತ್ತದೆ. ಅವಳು ಇಡದಿದ್ದರೆ ಏನಾಯಿತು, ಸಿದ್ದ ಹಸಿದುಕೊಂಡಿರಬಾರದು, ನಾನಂತೂ ಇಡುತ್ತೇನಲ್ಲ ಅಂತ ರಂಗನಾಯಕ ಸಮಾಧಾನ ಮಾಡಿಕೊಂಡಿದ್ದ. ವರ್ಷದಲ್ಲಿ ಅವನು ನೆಮ್ಮದಿಯಾಗಿ ಉಣ್ಣುತ್ತಿದ್ದದ್ದು ಅದೊಂದೇ ದಿನ ಅಂತ ಬಸವಮ್ಮ ಹೇಳುತ್ತಾಳೆ.

ಐವತ್ತೈದರ ಅಮಾವಾಸ್ಯೆ. ಹಬ್ಬಕ್ಕೆ ಹೋಟೆಲು ಮುಚ್ಚಿತ್ತು. ಎಮ್ಮೆ ಹಾಲು ಹಾಗೇ ಉಳಿದದ್ದರಿಂದ, ಎಡೆಗಾದರೂ ಆಗಲಿ ಅಂತ ಚಾಮುಂಡಿ ಒಂದು ಚೊಂಬು ಮೊಸರು ತೆಗೆದುಕೊಂಡು ಇವರ ಮನೆಗೆ ಬಂದಳು. ದೀಪ ಹಚ್ಚುವ ಹೊತ್ತು. ರಂಗನಾಯಕ ಬೀದಿಗೆ ಬೆನ್ನು ಮಾಡಿ ಹೊಸ್ತಿಲಲ್ಲಿ ನಿಂತಿದ್ದ. ಅಪ್ಪಯ್ಯ ಬಾ, ಅವ್ವ ಬಾ ಅಂದ. ಆಮೇಲೆ ದನಿ ತಗ್ಗಿಸಿ, "ಸಿದ್ದ, ಬಾ ಕಣ್ಲಾ, ಉಣ್ಣು ಬಾ," ಅಂದ. ಬಾಗಿಲೆಳೆದುಕೊಂಡು ತಿರುಗಿದರೆ ಚಾಮುಂಡಿ.

ಅವಳು ಮೊಸರಿನ ಚೊಂಬನ್ನು ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತಳು. ಬಸವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕಂಬಕ್ಕೆ ಒರಗಿದಳು. ಸತ್ತವರು ಉಣ್ಣುವ ಹೊತ್ತಿನಲ್ಲಿ ಮಾತಾಡಬಾರದು, ಹಾಗಾಗಿ ಮೂವರೂ ಸುಮ್ಮನೆ ಕೂತಿದ್ದರು. ರಂಗನಾಯಕನಿಗೆ ಆ ಹೊತ್ತು ಸಿಂಗಾಪುರದ ಸೆರೆಗಿಂತ ಉದ್ದವಾಗಿ ಕಂಡಿತಂತೆ. ಬಾಗಿಲು ತೆಗೆದ ಮೇಲೆ ಮೊದಲು ಒಳಗೆ ಹೋದವಳು ಚಾಮುಂಡಿಯೇ. ಮೂರನೆಯ ಎಲೆಯ ಮುಂದೆ ಕೂತು ಒಣಮೀನು ನೋಡಿದಳು, ಬೀಡಿ ಕಟ್ಟು ನೋಡಿದಳು, ಹೊಸ ಪಂಚೆಯ ಅಂಚು ಮುಟ್ಟಿದಳು.

ಯಾವತ್ತು ಅಂತ ಕೇಳಿದಳು. ಹೇಳಿದ. ಯಾವ ಕಾಯಿಲೆ, ಯಾರು ಮಣ್ಣು ಮಾಡಿದ್ದು ಅಂತ ಕೇಳಿದಳು. ಅದನ್ನೂ ಹೇಳಿದ. ನಿನಗೆ ಯಾವತ್ತು ಗೊತ್ತಾಯಿತು ಅಂದಳು. ಬರುವುದಕ್ಕೆ ಮುಂಚೆಯೇ ಅಂದ. ಹೇಳತೊಡಗಿದವನಿಗೆ ನಿಲ್ಲಿಸಲಾಗಲಿಲ್ಲ. ಬಸವಮ್ಮನಿಗೂ ಹೇಳದೆ ಇಟ್ಟುಕೊಂಡಿದ್ದ ಆ ಬಯಲಿನ ಬೆಳಿಗ್ಗೆಯನ್ನೂ ಹೇಳಿದ. ಮುದಿ ಸಿಪಾಯಿ ತನ್ನನ್ನು ಕೇಳಿದ್ದು, ಸಿದ್ದ ನೋಡಿದ್ದು, ತಾನು ಯಾಕೆ ಬಾಯಿ ಬಿಡಲಿಲ್ಲ ಅನ್ನುವುದು, ಏನನ್ನೂ ಮುಚ್ಚಿಡಲಿಲ್ಲ. ಏನಂತ ಹೇಳಬೇಕಾಗಿತ್ತು ಅಂದಳು ಚಾಮುಂಡಿ. ಅವನು ಎಲೆಯ ಕಡೆ ನೋಡುತ್ತ ಜಪಾನಿಯಲ್ಲಿ ಹೇಳಿದ. "ಕೊನೊ ಹಿತೊ ವಾ ಬ್ಯೋಕಿ ದೆಸು. ನೊಕೊಶಿತೆ ಕುದಸೈ." ಆಮೇಲೆ ಕನ್ನಡದಲ್ಲಿ ಹೇಳಿದ: ಇವನಿಗೆ ಕಾಯಿಲೆ, ಉಳಿಸಿಕೊಳ್ಳಿ. ಇಷ್ಟು ವರ್ಷ ಗ್ಲಾಸು ತೊಳೆಯುತ್ತ ಅವನು ಎಲ್ಲಕ್ಕಿಂತ ಹೆಚ್ಚು ಸಲ ಹೇಳಿಕೊಂಡದ್ದು ಇದನ್ನೇ.

"ಇಷ್ಟೇಯಾ?" ಅಂದಳು.

"ಇಷ್ಟೇ ಕಣವ್ವ."

"ಇದು ನಿಂಗೆ ಅವತ್ತೇ ಬತ್ತಿತ್ತಾ?"

"ಬತ್ತಿತ್ತು."

ಚಾಮುಂಡಿಯ ದನಿ ಏರಲಿಲ್ಲ.

"ಅವತ್ತು ನೀನು ಬಾಯಿ ಬುಡನಿಲ್ಲ. ಜೀವದ ಆಸೆ, ಯಾರ್ಗಿಲ್ಲ. ಇಲ್ಲಿಗೆ ಬಂದ್ಮೇಲೆ ನಿನ್ನ ಎದೆಗೆ ಯಾರು ಕೋವಿ ಇಟ್ಟಿದ್ರು? ಅದ್ನೂ ಬುಡು. ನಾನು ಕಾದಿದ್ದು, ನನ್ನ ವಯಸ್ಸು ಓಗಿದ್ದು, ಅದ್ನೂ ಬುಡ್ತೀನಿ. ಈ ಎಲೆ ಯಾಕ ಇಟ್ಟೆ? ಇಷ್ಟ್ ವರ್ಸ ನನ್ನ ಗಂಡ ನಮ್ಮನೆ ಬಾಗ್ಲು ಮುಂದೇ ದಾಟ್ಕೊಂಡು ಬಂದು ನಿಮ್ಮನೇಲಿ ಉಂಡ್ಕೊಂಡು ಓಗವ್ನೆ. ನಾನು ಅವ್ನು ಬದ್ಕವ್ನೆ ಅಂತ ಬಾಗ್ಲು ಕಾಯ್ತಾ ಕೂತಿದ್ದೆ. ಬಂದೋನ್ಗೆ ಒಂದು ತೊಟ್ಟು ನೀರು ಇಡನಿಲ್ಲ ನಾನು."

ರಂಗನಾಯಕನಿಗೆ ಆಗ ಗೊತ್ತಾಯಿತು. ಇಷ್ಟು ವರ್ಷ ಪ್ರಾಯಶ್ಚಿತ್ತ ಅಂದುಕೊಂಡು ಮಾಡಿದ್ದೇ ಅವಳಿಗೆ ಮಾಡಿದ ಎಲ್ಲಕ್ಕಿಂತ ದೊಡ್ಡ ಅನ್ಯಾಯವಾಗಿತ್ತು. ಗಂಡ ಬದುಕಿದ್ದಾಗ ಅವಳ ಪಾಲಿಗೆ ಸಿಕ್ಕಿರಲಿಲ್ಲ. ಸತ್ತ ಮೇಲೆ ವರ್ಷಕ್ಕೊಮ್ಮೆ ಸಿಗಬೇಕಾಗಿದ್ದವನನ್ನೂ ಅವನು ತನ್ನ ಮನೆಗೆ ಕರೆದುಕೊಂಡುಬಿಟ್ಟಿದ್ದ. ಅವಳ ಕಾಲಿಗೆ ಬೀಳಲು ಬಗ್ಗಿದ. ಚಾಮುಂಡಿ ಕಾಲು ಹಿಂದಕ್ಕೆ ಎಳೆದುಕೊಂಡಳು.

ಅಮಾವಾಸ್ಯೆ ಇನ್ನೂ ಕಳೆದಿಲ್ಲ ಅಂದಳು ಅವಳು. ಅತ್ತೆಗೆಂದು ಮಾಡಿದ ಅಡುಗೆ ಹಾಗೇ ಇದೆ, ಇನ್ನೊಂದು ಎಲೆ ಹಾಕುತ್ತೇನೆ ಅಂದಳು. ಎದ್ದು ಹೊಸ್ತಿಲು ದಾಟಿದವಳು ತಿರುಗಿ ನಿಂತಳು.

"ಅವ್ನಿಗೆ ನಿಮ್ಮನೆ ದಾರಿ ರೂಢಿಯಾಗದ. ನಾನು ಕರುದ್ರ ಬತ್ತನೋ ಇಲ್ವೋ. ನೀನೇ ಬಂದು ಕೂಗು."

ಅಂತೂ ರಂಗನಾಯಕ ಹೋದ. ಊರಿನ ಅರ್ಧದಷ್ಟು ಮನೆಗಳ ಬಾಗಿಲು ಇನ್ನೂ ಮುಚ್ಚಿತ್ತು, ಜನರೆಲ್ಲ ಜಗಲಿಗಳ ಮೇಲೆ ಸಾಲಾಗಿ ಕೂತು ತಮ್ಮ ತಮ್ಮ ಹಿರಿಯರು ಉಂಡು ಹೋಗಲಿ ಅಂತ ಕಾಯುತ್ತಿದ್ದರು. ನಾನೂ ನಮ್ಮ ಜಗಲಿಯ ಮೇಲಿದ್ದೆ. ಜಪಾನ್ ರಂಗ ಬೀದಿಯ ನಡುವೆ ತಲೆ ತಗ್ಗಿಸಿಕೊಂಡು ಹೋಗುವುದನ್ನು ಕಂಡು, ಹಬ್ಬದ ದಿನ ಇವನೇನು ಬೀದಿ ಸುತ್ತುತ್ತಿದ್ದಾನೆ ಅಂದುಕೊಂಡೆವು. ಅವನು ಸಿದ್ದನಾಯಕನ ಮನೆಯ ಮುಂದೆ ನಿಂತ. ಒಳಗೆ ದೀಪದ ಹತ್ತಿರ ಚಾಮುಂಡಿ ಕಾಣುತ್ತಿದ್ದಳು, ಎದುರಿಗೆ ಎರಡು ಎಲೆ. ಅವನ ತುಟಿ ಅಲುಗಾಡಿದ್ದು ಕಂಡಿತು, ಏನಂದನೋ ನಮಗೆ ತಿಳಿಯಲಿಲ್ಲ.

"ಕೇಳ್ಸನಿಲ್ಲ," ಅಂದಳು ಚಾಮುಂಡಿ ಒಳಗಿನಿಂದ.

ಎರಡನೆಯ ಸಲ ಹೇಳಿದ. ಪಕ್ಕದ ಜಗಲಿಯವರು ಮಾತು ನಿಲ್ಲಿಸಿ ತಿರುಗಿ ನೋಡಿದರು.

"ಇನ್ನೂ ಜೋರಾಗಿ ಕೂಗು. ಅವ್ನಿಗೆ ಕೇಳ್ಬೇಕು."

ಆಗ ರಂಗನಾಯಕ ತಲೆಯೆತ್ತಿ ಕೂಗಿದ. ಸಿದ್ದ, ನಿಮ್ಮನೆ ಇಲ್ಲಿ ಅದ ಕಣ್ಲಾ, ಇಲ್ಲಿಗೆ ಬಾ, ಉಣ್ಣು ಬಾ ಅಂತ ಕೂಗಿದ. ಕೂಗಿದ್ದು ಬಸ್ಸು ನಿಲ್ಲುವ ಕಡೆಯ ತನಕ ಕೇಳಿಸಿತು. ಬದುಕಿರುವವರನ್ನು ಆ ದಿನ ಹಾಗೆ ಯಾರೂ ಕರೆಯುವುದಿಲ್ಲ. ಜಗಲಿಗಳ ಮೇಲಿದ್ದವರು ಒಬ್ಬೊಬ್ಬರೇ ಎದ್ದು ನಿಂತರು. ಯಜಮಾನರು ತಲೆಯ ಪೇಟ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಸಿದ್ದನಾಯಕ ಸತ್ತದ್ದೂ, ಅದು ಇಷ್ಟು ವರ್ಷ ಯಾರಿಗೆ ಗೊತ್ತಿತ್ತು ಅನ್ನುವುದೂ ಹಂಗಳಕ್ಕೆ ಒಟ್ಟಿಗೇ ಗೊತ್ತಾಯಿತು.

ಚಾಮುಂಡಿ ಹೊರಗೆ ಬಂದು ಬಾಗಿಲು ಎಳೆದುಕೊಂಡಳು. ಜಗಲಿಯ ಮೇಲೆ ಕೂತು, ಮೊಣಕಾಲಿಗೆ ಕೈಕಟ್ಟಿ, ಒಳಗೆ ಗಂಡ ಉಣ್ಣುವುದನ್ನು ಕಾಯತೊಡಗಿದಳು. ರಂಗನಾಯಕ ಬೀದಿಯಲ್ಲೇ ನಿಂತಿದ್ದ. ಅವಳು ಅವನಿಗೆ ಕೂತುಕೋ ಅನ್ನಲಿಲ್ಲ, ಹೋಗು ಅಂತಲೂ ಅನ್ನಲಿಲ್ಲ.